ಜೂನ್ ಒಂದರಂದು ಹುಟ್ಟಿದವರು



ನಮ್ಮ ಅಬ್ಬಾ ಹುಟ್ಟಿದ್ದು ಜೂನ್ 1ರಂದು. ಚಾಚಾ ಕೂಡ ಜೂನ್ 1ರಂದೇ! ನಿಮ್ಮ ಮನೆಯ ಹಿರಿಯರ ಟಿ.ಸಿ. ತೆಗೆದು ನೋಡಿ, ಅಲ್ಲೂ ಒಬ್ಬರು ಸಿಕ್ಕಾರು.

ಅಬ್ಬಾನನ್ನು ಶಾಲೆಗೆ ಸೇರಿಸುವಾಗ ದಾದಿ ಹೇಳಿದ್ದು ಇಷ್ಟೇ: "ಮುಂಗಾರು ಮುಗಿಯುತ್ತಿತ್ತು, ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುತ್ತಿದ್ದರು." ದಾಖಲಾತಿ ಪುಸ್ತಕದಲ್ಲಿ ಈ ಮಾತಿಗೆ ಜಾಗವಿಲ್ಲ. ವಯಸ್ಸು ತುಂಬಿದಂತೆ ಕಾಣಲು ಮಾಸ್ತರರು ಜೂನ್ 1 ಎಂದು ಬರೆದರು. ಅದರ ಪ್ರಕಾರವೇ ಅಬ್ಬಾ ಮೇ 31ಕ್ಕೆ ನಿವೃತ್ತರಾದರು. ದಾದಿಯ ಲೆಕ್ಕದಲ್ಲಿ ಇನ್ನೂ ನಾಲ್ಕೈದು ತಿಂಗಳ ಸೇವೆ ಬಾಕಿ ಇತ್ತು.

ಇಂಥ ಮಾತುಗಳನ್ನೂ ಗಣಿತಕ್ಕೆ ತರಬಹುದೆಂದು ತೋರಿಸಿದವರು ಲೊತ್ಫಿ ಝಾದೆ. 1921ರಲ್ಲಿ ಬಾಕು ನಗರದಲ್ಲಿ ಹುಟ್ಟಿ, ತೆಹರಾನಿನಲ್ಲಿ ಇಂಜಿನಿಯರಿಂಗ್ ಓದಿ, ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾದವರು. 1965ರ ಅವರ ಲೇಖನದಿಂದ ಫಝಿ ಲಾಜಿಕ್ ಬೆಳೆಯಿತು. ಅಲ್ಲಿ ಉತ್ತರ ಬರೀ ಹೌದು, ಅಲ್ಲ ಎಂದಿರುವುದಿಲ್ಲ. ಸೊನ್ನೆಯಿಂದ ಒಂದರವರೆಗೆ ಎಷ್ಟಾದರೂ ಇರಬಹುದು.

ದಾದಿಯ ಮಾತಿಗೆ ನಾನೇ ಅಂದಾಜಿನ ಅಂಕ ಕೊಟ್ಟು ನೋಡಿದೆ. "ಮುಂಗಾರು ಮುಗಿಯುವಾಗ" ಎಂಬುದಕ್ಕೆ ಆಗಸ್ಟ್ 0.4, ಸೆಪ್ಟೆಂಬರ್ 1, ಅಕ್ಟೋಬರ್ 0.5. "ಹಿಂಗಾರಿ ಜೋಳ ಬಿತ್ತುವಾಗ" ಎಂಬುದಕ್ಕೆ ಆಗಸ್ಟ್ 0, ಸೆಪ್ಟೆಂಬರ್ 0.6, ಅಕ್ಟೋಬರ್ 1. ಎರಡೂ ಒಟ್ಟಿಗೆ ನಿಜವಾಗಬೇಕಾದರೆ ಝಾದೆಯವರ ನಿಯಮದಂತೆ ಕಡಿಮೆ ಅಂಕವನ್ನೇ ಹಿಡಿಯಬೇಕು. ಆಗ ಆಗಸ್ಟ್ 0, ಸೆಪ್ಟೆಂಬರ್ 0.6, ಅಕ್ಟೋಬರ್ 0.5. ಜೂನ್‌ಗೆ ಸೊನ್ನೆ! ಪುಸ್ತಕ ಆರಿಸಿದ್ದು ದಾದಿಯ ಮಾತಿಗೆ ಹೊಂದದ ತಿಂಗಳನ್ನೇ. (ಈ ಅಂಕ ಸಂಭವನೀಯತೆಯಲ್ಲ, ಮಾತಿಗೆ ಆ ತಿಂಗಳು ಎಷ್ಟು ಹೊಂದುತ್ತದೆ ಎಂಬುದರ ಅಳತೆ.)

ತಿಂಗಳಿನಿಂದ ದಿನಕ್ಕೆ ಇಳಿದರೆ ಇನ್ನೊಂದು ತೊಡಕು. ಸೆಪ್ಟೆಂಬರಿನ 0.6 ಅನ್ನು ಮೂವತ್ತು ದಿನಕ್ಕೂ ಹಾಗೆಯೇ ಹಚ್ಚುವಂತಿಲ್ಲ. ಬಿತ್ತನೆಯ ಅಂಕ ಮೊದಲ ವಾರದಲ್ಲಿ ಕಡಿಮೆ, ಕೊನೆಯ ವಾರದಲ್ಲಿ ಹೆಚ್ಚು. "ಸುಮಾರು" ಎಂಬ ಪದವನ್ನೇ ನೋಡಿ. "ಸುಮಾರು ಐದು ಗಂಟೆ" ಎಂದರೆ ಹತ್ತು ನಿಮಿಷ ಹಿಂದೆಮುಂದೆ, "ಸುಮಾರು ಹತ್ತು ವರ್ಷ" ಎಂದರೆ ಒಂದು ವರ್ಷವೇ ಹಿಂದೆಮುಂದೆ. ಅಳತೆಗೋಲು ದೊಡ್ಡದಾದಂತೆ ಪದವೂ ಹಿಗ್ಗುತ್ತದೆ.

ಉರ್ದುವಿನ "ಕಲ್" ನಿನ್ನೆಯೂ ಹೌದು, ನಾಳೆಯೂ ಹೌದು. ಆದರೆ ಅದು ಬೇರೆ ವಿಷಯ. ಕ್ರಿಯಾಪದ ಬಂದ ಕೂಡಲೇ ಅಲ್ಲಿ ಅನುಮಾನ ತೀರುತ್ತದೆ. ಕನ್ನಡದ "ಮೊನ್ನೆ" ಹಾಗಲ್ಲ. ಎರಡು ದಿನದ ಹಿಂದಿನದೂ ಮೊನ್ನೆ, ಹೋದ ತಿಂಗಳ ಮದುವೆಯೂ ಮೊನ್ನೆ!

ನನ್ನ ತರಗತಿಯ ಮಕ್ಕಳು ಅಜ್ಜ ಅಜ್ಜಿಯರಿಂದ ಊರಿನ ಸಂಗತಿ ಕೇಳಿ ಬರೆದು ತಂದಾಗ ಈಗ ಎರಡು ಅಂಕಣ ಹಾಕಿಸುತ್ತೇನೆ. ಒಂದರಲ್ಲಿ ನಮ್ಮ ಅಂದಾಜಿನ ತಿಂಗಳು, ವರ್ಷ. ಅದಕ್ಕೂ ಮೊದಲಿನದರಲ್ಲಿ ಅವರು ಹೇಳಿದ ಮಾತು, ಹೇಳಿದ ಹಾಗೆಯೇ.