ಒಳಗಿನ ಖಾನೆಯಲ್ಲೂ ಕನ್ನಡವಿರಲಿ!

(ಕೆಂಗಲ್‌ನಲ್ಲಿ ಯುವಕರ ಮುಂದೆ ಆಡಿದ ಮಾತು)

ಕನ್ನಡದ ಯುವಮಿತ್ರರೇ,

ಪಿಯುಸಿ ಓದಿದ ಪ್ರೆಸ್ಸಿನವನು ಕಂಪ್ಯೂಟರ್ ವಿಷಯ ಏನು ಹೇಳಿಯಾನು ಎಂದು ನಗಬೇಡಿ. ಮೊಳೆ ಜೋಡಿಸುವ ಕಾಲದಲ್ಲಿ ದೊಡ್ಡ ಕೇಸಿನೊಳಗೆ ಸಣ್ಣ ಖಾನೆಗಳಿದ್ದವು. ಒಂದು ಮೊಳೆ ತಪ್ಪು ಖಾನೆಗೆ ಬಿದ್ದರೆ ನಾಳೆಯ ಪುಟವೆಲ್ಲ ತಪ್ಪು. ನಿಮ್ಮ ಕೆಲಸವೂ ಅದೇ!

ವೆಬ್ ಪುಟಕ್ಕೆ ಬರುವ ಪಟ್ಟಿಯನ್ನು ನೋಡಿ. ಜಿಲ್ಲೆಗಳ ಪಟ್ಟಿ. ಪ್ರತಿ ಜಿಲ್ಲೆಯೊಳಗೆ ತಾಲ್ಲೂಕುಗಳು, ಪ್ರತಿ ತಾಲ್ಲೂಕಿನೊಳಗೆ ಊರುಗಳು. ಅರೇ ಒಳಗೆ ಆಬ್ಜೆಕ್ಟ್, ಅದರೊಳಗೆ ಮತ್ತೆ ಅರೇ ಎನ್ನುತ್ತೀರಿ. ರಿಯಾಕ್ಟ್‌ನಲ್ಲಿ ಇದನ್ನು ಪರದೆಗೆ ತರಲು ಮ್ಯಾಪ್ ಒಳಗೆ ಮ್ಯಾಪ್ ಬರೆಯುತ್ತೀರಿ. ಊರುಗಳನ್ನೆಲ್ಲ ಒಂದೇ ಸಾಲಿಗೆ ಹರಡಬೇಕಾದರೆ ಫ್ಲಾಟ್‌ಮ್ಯಾಪ್. ಹರಡುವಾಗ ಕೆಂಗಲ್ ಜೊತೆಗೆ ಚನ್ನಪಟ್ಟಣ ಎಂಬ ತಾಲ್ಲೂಕಿನ ಹೆಸರನ್ನೂ ಕಟ್ಟಿ ಕಳಿಸಿ. ಇಲ್ಲದಿದ್ದರೆ ಒಂದೇ ಹೆಸರಿನ ಎರಡು ಊರುಗಳಲ್ಲಿ ಯಾವುದು ಎಲ್ಲಿಯದೆಂದು ತಿಳಿಯದು.

ಕನ್ನಡಕ್ಕೆ ಅನ್ಯಾಯವಾಗುವುದು ಇಲ್ಲೇ! ಮ್ಯಾಪ್‌ನಲ್ಲಿ ಹೊಸ ಆಬ್ಜೆಕ್ಟ್ ಕಟ್ಟುವಾಗ ನೀವು ಬರೆಯದೇ ಬಿಟ್ಟದ್ದು ಮುಂದಕ್ಕೆ ಹೋಗುವುದಿಲ್ಲ. ಮೂಲ ಪಟ್ಟಿಯಲ್ಲಿ ಕನ್ನಡ ಹೆಸರು, ಇಂಗ್ಲಿಷ್ ಹೆಸರು ಎರಡೂ ಇರುತ್ತವೆ. ಅವಸರದಲ್ಲಿ ಇಂಗ್ಲಿಷನ್ನು ಮಾತ್ರ ಎತ್ತಿಕೊಳ್ಳುತ್ತೀರಿ. ಯಾರೂ ಕನ್ನಡವನ್ನು ಅಳಿಸಲಿಲ್ಲ, ಆದರೂ ಅದು ಪರದೆಗೆ ಬರಲಿಲ್ಲ! "ಆಮೇಲೆ ಇಂಗ್ಲಿಷಿನಿಂದ ಕನ್ನಡ ಮಾಡಿಕೊಂಡರಾಯಿತು" ಎನ್ನುತ್ತೀರಾ? ಅದು ಆಗದ ಮಾತು. ಕೆಂಪು ಕಲ್ಲು ಕೆಂಗಲ್ ಆಯಿತು. ಇಂಗ್ಲಿಷಿನ ಒಂದೇ 'ಎಲ್' ಅಕ್ಷರ ನೋಡಿದವನಿಗೆ ಅದು 'ಲ'ವೋ 'ಳ'ವೋ ಹೇಗೆ ಗೊತ್ತಾಗಬೇಕು? ಕನ್ನಡದಿಂದ ಇಂಗ್ಲಿಷಿಗೆ ದಾರಿಯುಂಟು, ತಿರುಗಿ ಬರುವ ದಾರಿ ಮುಚ್ಚಿರುತ್ತದೆ.

ಎರಡನೆಯ ತಪ್ಪು: ಪಟ್ಟಿಯ ಪ್ರತಿ ಸಾಲಿಗೂ ರಿಯಾಕ್ಟ್ ಒಂದು 'ಕೀ' ಕೇಳುತ್ತದೆ. ಅಲ್ಲಿ ಇಂಗ್ಲಿಷ್ ಹೆಸರನ್ನು ಇಡುವವರಿದ್ದಾರೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾದವು. 'ಬ್ಯಾಂಗಲೋರ್' ಹೋಗಿ ಬೆಂಗಳೂರಾಯಿತು. ಕನ್ನಡದಲ್ಲಿ ಅದು ಮೊದಲಿಂದಲೂ ಬೆಂಗಳೂರೇ! ಇಂಗ್ಲಿಷ್ ಹೆಸರಿನ ಮೇಲೆ ಗುಂಪು ಮಾಡಿದವನ ಪುಟದಲ್ಲಿ ಒಂದೇ ಊರು ಎರಡಾಗಿ ಒಡೆಯುತ್ತದೆ. ನಮ್ಮ ಜಿಲ್ಲೆಯನ್ನೇ ನೋಡಿ. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಹೆಸರು ಬದಲಾಗುತ್ತದೆ, ಗುರುತು ಬದಲಾಗಬಾರದು. ಕೀ ಜಾಗದಲ್ಲಿ ಬದಲಾಗದ ಅಂಕಿಯ ಗುರುತಿಡಿ. ಹೆಸರು ಅದರ ಪಕ್ಕದಲ್ಲಿರಲಿ, ಕನ್ನಡ ಮೊದಲಿರಲಿ.

ಮೂರನೆಯದು: ಮೂರು ಚುಕ್ಕಿ ಇಟ್ಟು ನಕಲು ಮಾಡಿದೆ ಎಂದು ನಂಬಬೇಡಿ. ಅದು ಹೊರಗಿನ ಪದರವನ್ನಷ್ಟೇ ನಕಲಿಸುತ್ತದೆ. ಒಳಗಿನ ತಾಲ್ಲೂಕುಗಳ ಅರೇ ಹಳೆಯದೇ. ಅಲ್ಲಿ ಒಂದು ಹೆಸರು ತಿದ್ದಿದರೆ ಮೂಲವೇ ಕೆಡುತ್ತದೆ. ಒಳಗಿನ ಅರೇ ಹಳೆಯದೇ ಆದ್ದರಿಂದ ಬದಲಾವಣೆ ರಿಯಾಕ್ಟ್‌ನ ಗಮನಕ್ಕೆ ಬಾರದೆಯೂ ಹೋಗಬಹುದು. ತಿದ್ದುವ ಖಾನೆಯವರೆಗೂ ಪ್ರತಿ ಪದರವನ್ನು ಹೊಸದಾಗಿ ಕಟ್ಟಿ.

ಕೊನೆಗೆ ಅಕಾರಾದಿ. ಜಾವಾಸ್ಕ್ರಿಪ್ಟ್‌ನ ಬರೀ ಸಾರ್ಟ್ ಯೂನಿಕೋಡ್ ಸಂಖ್ಯೆಯನ್ನು ನೋಡುತ್ತದೆ. ಅಲ್ಲಿ 'ಳ' ಎಂಬುದು 'ವ'ಗಿಂತ ಮುಂಚೆ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ 'ಹ' ಆದಮೇಲೆ 'ಳ'. ಹಾಗಾಗಿ ನಿಘಂಟಿನಲ್ಲಿ 'ಹಸು' ಆದಮೇಲೆ 'ಹಳ್ಳಿ' ಬಂದರೆ, ನಿಮ್ಮ ಪರದೆಯಲ್ಲಿ 'ಹಳ್ಳಿ' ಮೊದಲಾಗುತ್ತದೆ. ಕನ್ನಡದ ಕ್ರಮ ಹೇಳಿಕೊಡಿ, ಫಲಿತಾಂಶವನ್ನು ಕಣ್ಣಾರೆ ಪರೀಕ್ಷಿಸಿ.

ಗೆಳೆಯರೇ, ಬೀದಿಯ ಬೋರ್ಡಿಗಾಗಿ ಕೂಗುವುದು ಬೇಕು. ಆದರೆ ನಿಮ್ಮ ಕೈಯಲ್ಲಿರುವ ಪರದೆಯೂ ಬೋರ್ಡೇ ಅಲ್ಲವೇ? ನಾಳೆ ಕೆಲಸಕ್ಕೆ ಕೂತಾಗ ನೀವು ಬರೆದ ಮ್ಯಾಪ್ ಒಂದನ್ನು ತೆರೆದು ನೋಡಿ: ಕನ್ನಡ ಹೆಸರು ಒಳಗಿನ ಖಾನೆಯಿಂದ ಹೊರಗೆ ಬಂದಿದೆಯೇ? ಬಂದಿಲ್ಲದಿದ್ದರೆ ತನ್ನಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಜೈ ಕರ್ನಾಟಕ!