ಹಿಂದಕ್ಕೆ ಹರಿದ ನೀರು



ಕಡಲೇ ಇಲ್ಲದ ಚಿಕ್ಕೋಡಿಯಲ್ಲಿ ಕಡಲ ಸಂರಕ್ಷಣೆಯ ಗೋಷ್ಠಿಯೇ ಎಂದು ನಿನ್ನೆ ಬಸ್ಸಿನಲ್ಲಿ ನನ್ನ ಮಗ್ಗುಲಲ್ಲಿದ್ದ ರೈತರೊಬ್ಬರು ನಕ್ಕರು. ಉತ್ತರವು ಅವರ ಕಬ್ಬಿನ ಗದ್ದೆಯಲ್ಲಿಯೇ ಇತ್ತು. ನಿಪ್ಪಾಣಿ ಸೀಮೆಯ ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆ ಕಲ್ಲೋಳದ ಬಳಿ ಕೃಷ್ಣೆಯಲ್ಲಿ ಲೀನವಾಗಿ, ಆ ಕೃಷ್ಣೆಯು ಕಾಗವಾಡ, ರಾಯಬಾಗ, ಅಥಣಿಗಳ ನೆಲವನ್ನು ತೊಯಿಸಿ, ಕಡೆಗೆ ಆಂಧ್ರದ ಹಂಸಲದೀವಿಯ ಸಮೀಪದಲ್ಲಿ ಬಂಗಾಳ ಉಪಸಾಗರವನ್ನು ಸೇರುವಾಗ, ನಮ್ಮ ಬೆಳೆ ಹೀರದೆ ಬಿಟ್ಟ ಯೂರಿಯಾದ ಸಾರವೂ ಅದರೊಡನೆ ಪಯಣಿಸೀತು. ಅಂಥ ಸಾರದಿಂದ ಪಾಚಿಯು ಕೊಬ್ಬುತ್ತದೆ, ಪಾಚಿ ಸತ್ತು ಕೊಳೆತಂತೆ ನೀರಿನ ಆಮ್ಲಜನಕ ಕ್ಷಯಿಸುತ್ತದೆ.

ಕೃಷ್ಣೆಯ ಹಾವುಮೀನನ್ನು ನೆನೆಯಿರಿ. ಕಡಲಲ್ಲಿ ಹುಟ್ಟಿ, ಎಳವೆಯಲ್ಲಿ ನದಿಯನ್ನೇರಿ, ಸಿಹಿನೀರಿನಲ್ಲಿ ವರ್ಷಗಟ್ಟಲೆ ಬೆಳೆದು, ಮೊಟ್ಟೆಯಿಡಲು ಮರಳಿ ಕಡಲಿಗಿಳಿಯುವ ಆ ಜೀವಿಗೆ ಪ್ರಕಾಶಂ ಬ್ಯಾರೇಜು, ನಾಗಾರ್ಜುನಸಾಗರ, ಶ್ರೀಶೈಲ, ಆಲಮಟ್ಟಿಗಳು ಒಂದರ ಮೇಲೊಂದು ಅಡ್ಡಗೋಡೆಗಳು. ಅದು ಯಾವ ಮಡುವಿನಲ್ಲಿತ್ತು, ಯಾವಾಗಿನಿಂದ ಬಲೆಗೆ ಬೀಳದಾಯಿತು ಎಂಬುದನ್ನು ಅಂಬಿಗರ ಮನೆಯ ಮಗಳು ಅಜ್ಜನ ಬಾಯಿಂದ ಕೇಳಿ ಬಲ್ಲಳು. ಆಕೆಗೆ ಸಂಶೋಧನೆಯ ಬಾಗಿಲು ತೆರೆಯುವುದನ್ನು ದಾನವೆಂದು ಬಗೆಯುವವರಿದ್ದಾರೆ. ಲಾಭ ಯಾರದೆಂದು ಅವರು ಲೆಕ್ಕ ಹಾಕಿದಂತಿಲ್ಲ.

ಬೀಡಿ ಕಟ್ಟುವ ತಾಯಿಯ ಮಗನಾದ ನಾನು ಕಡಲನ್ನು ಮೊದಲು ಕಂಡದ್ದು ಕಾರವಾರದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿರುವ ಕೋಡಿಬಾಗದ ಹತ್ತಿರ. ಕಾಳಿಯ ಅಳಿವೆಯಲ್ಲಿ ತೇಲಿ ಹೋಗುತ್ತಿದ್ದ ತೆಂಗಿನ ಸಿಪ್ಪೆಯೊಂದು ನಿಂತಿತು, ಅಲ್ಲಿಯೇ ಒಂದು ಸುತ್ತು ತಿರುಗಿತು, ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೊರಟಿತು. ಒಂದೇ ಕಡೆಗೆ ಹರಿಯುವ ನೀರನ್ನು ಮಾತ್ರ ನೋಡಿ ಬೆಳೆದ ನನಗೆ ಉಬ್ಬರವೆಂಬ ಶಬ್ದದ ಅರ್ಥವಾದದ್ದು ಆಗ.

ಮುಂದೆ ನಾನು ಸೇರಿದ ಒಂದು ಸಂಶೋಧನಾ ಯೋಜನೆಯಲ್ಲಿ ದೋಣಿಯ ಬಾಡಿಗೆಯನ್ನು ಕೈಯಿಂದಲೇ ತೆತ್ತು, ರಸೀದಿ ಒಪ್ಪಿಸಿ, ಹಣಕ್ಕಾಗಿ ಕಾಯಬೇಕಾಗಿತ್ತು. ಅಕ್ಷರ ಬಾರದ ದೋಣಿಯವನು ರಸೀದಿಯನ್ನೆಲ್ಲಿಂದ ತಂದಾನು? ತಾಯಿ ಎಲೆ ಕತ್ತರಿಸಿ, ದಾರ ಸುತ್ತಿ ಕೂಡಿಸಿದ್ದ ದುಡ್ಡು ಹಾಗೆಯೇ ಕರಗಿತು. ಉಳ್ಳವರ ಮಕ್ಕಳಿಗೆ ಇದು ತೊಡಕೆಂದು ತೋರಲೇ ಇಲ್ಲ. ನನ್ನೊಡನೆ ಸೇರಿದ್ದ ಇಬ್ಬರು ಆ ವರ್ಷವೇ ಊರಿಗೆ ಮರಳಿದರು. ಅವರಿಗೆ ಬುದ್ಧಿಯ ಕೊರತೆಯಿರಲಿಲ್ಲ, ಮುಂಗಡದ ಕೊರತೆಯಿತ್ತು.

ಆದುದರಿಂದ ಪಠ್ಯಕ್ರಮದ ಚರ್ಚೆಗೆ ತೊಡಗುವ ಮುನ್ನ, ಶಿಷ್ಯವೇತನವು ಯಾವ ತಾರೀಖಿಗೆ ಕೈ ಸೇರುತ್ತದೆ, ಕ್ಷೇತ್ರಕಾರ್ಯದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದರೆ ಮಾರ್ಗದರ್ಶಕರು ಓದುವರೇ ಎಂಬುದನ್ನು ಈ ಗೋಷ್ಠಿಯು ನಿರ್ಣಯಿಸಬೇಕೆಂದು ಬಿನ್ನವಿಸುತ್ತೇನೆ. ನಾಳೆ ಬೆಳಿಗ್ಗೆ ನಾವೆಲ್ಲ ಯಡೂರಿನ ಹೊಳೆಯ ದಂಡೆಯಲ್ಲಿ ಸೇರುವವರಿದ್ದೇವೆ. ಅಂಬಿಗರಿಗೆ ದೋಣಿ ಹೇಳಿಟ್ಟಿದೆ. ಬಾಡಿಗೆಯನ್ನು ಸಂಘಟಕರು ಮುಂಗಡವಾಗಿಯೇ ಕೊಟ್ಟಿದ್ದಾರೆ, ನಾನು ವಿಚಾರಿಸಿದ್ದೇನೆ.