ಜ್ಯಾಗಣಿತವೂ ಯಂತ್ರಕಾಯಕವೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಕಲಬುರಗಿ ಕಮಲಾಪುರಗಳಿಂದ ಬಂದು ನೆರೆದ ಶರಣಬಂಧುಗಳೇ,

ಮಠದಲ್ಲಿ ಓದಿದ ಹುಡುಗನು ಯಂತ್ರಶಾಲೆಯನ್ನು ಸೇರಿದರೆ ಕಲಿತ ವಿದ್ಯೆಯು ವ್ಯರ್ಥವಾಯಿತೆಂದು ಕೆಲವರು ಮರುಗುವದುಂಟು. ಇದು ಸರಿಯಲ್ಲ.

ಆರ್ಯಭಟನು ಕ್ರಿ.ಶ. 499ರಲ್ಲಿಯೇ ಜ್ಯಾಗಣಿತವನ್ನು ನಿರೂಪಿಸಿದನು. ಜ್ಯಾ ಎಂಬುದಕ್ಕೆ ಜೀವಾ ಎಂದೂ ಹೆಸರು. ಅದು ಅರಬರಲ್ಲಿ ‘ಜೀಬ’ವಾಯಿತು, ಮುಂದೆ ‘ಜೈಬ್’ ಎಂದು ಓದಲ್ಪಟ್ಟು, ಲ್ಯಾಟಿನ್ ಭಾಷೆಯಲ್ಲಿ ‘ಸೈನಸ್’ ಆಯಿತು. ನಾವಾಡುವ ‘ಜೇಬು’ ಆ ಜೈಬ್ ಶಬ್ದವೇ. ಯಂತ್ರಶಾಲೆಯ ‘ಸೈನ್ ಬಾರ್’ ಎಂಬ ಕೋನಸಾಧನದ ಹೆಸರಿನ ಮೂಲವಿದು.

ಅದೊಂದು ಉಕ್ಕಿನ ಪಟ್ಟಿ. ಅದಕ್ಕೆ ಸಮಗಾತ್ರದ ಎರಡು ಉರುಳೆಗಳು. ಅವುಗಳ ಕೇಂದ್ರಾಂತರವು 200 ಮಿಲಿಮೀಟರು ಎಂದಿಟ್ಟುಕೊಳ್ಳಿರಿ. ಒಂದು ಉರುಳೆಯನ್ನು ಸಮತಟ್ಟಾದ ಹಾಸಿನ ಮೇಲಿರಿಸಿ, ಇನ್ನೊಂದರ ಕೆಳಗೆ ನಿಶ್ಚಿತ ಅಳತೆಯ ಬಿಲ್ಲೆಗಳನ್ನು ಪೇರಿಸುವರು. ಕೇಂದ್ರಾಂತರವೇ ಕರ್ಣ, ಬಿಲ್ಲೆಗಳ ಎತ್ತರವೇ ಭುಜ. ಎತ್ತರವು 100 ಆದರೆ ಕೋನವು 30 ಅಂಶ. ಎತ್ತರದಲ್ಲಿ ಮಿಲಿಮೀಟರಿನ ನೂರನೆಯ ಒಂದು ಪಾಲು ತಪ್ಪಿದರೆ, 30 ಅಂಶದಲ್ಲಿ ಸುಮಾರು 12 ವಿಕಲೆ, 60 ಅಂಶದಲ್ಲಿ ಸುಮಾರು 21 ವಿಕಲೆ ವ್ಯತ್ಯಾಸವಾಗುವದು. ಆದಕಾರಣ 45 ಅಂಶವನ್ನು ಮೀರಿದ ಕೋನಕ್ಕೆ ಬಲ್ಲವರು ಈ ಕ್ರಮವನ್ನು ಅನುಸರಿಸರು. ಈ ವಿವೇಕವು ಕೈಚಳಕದಿಂದಲ್ಲ, ಗಣಿತದಿಂದಲೇ ಲಭಿಸುವದು.

ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷನನ್ನು ಸ್ತುತಿಸಿ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಅಂಥ ನಾಡಿನ ಪಾಠಶಾಲೆಯಲ್ಲಿ ವ್ಯಾಕರಣದೊಡನೆ ತ್ರಿಕೋನಮಿತಿಯನ್ನೂ ಕಲಿಸತಕ್ಕದ್ದು. ಯಂತ್ರಶಾಲೆಗಳುಳ್ಳ ಭಕ್ತರು ಮಕ್ಕಳನ್ನು ಕರೆದು ಈ ಸಾಧನವನ್ನು ಅವರ ಕೈಗಿತ್ತು ತೋರಿಸಬೇಕೆಂದು ನನ್ನ ಬಿನ್ನಹ. ಅಳತೆಯಲ್ಲಿ ಸತ್ಯವಿದ್ದಲ್ಲಿ ಕಾಯಕವು ಶುದ್ಧವಾಗುವದು. ಅಂಥ ಕಾಯಕದಲ್ಲಿ ತೊಡಗಿದ ಹುಡುಗನು ವಿದ್ಯೆಯನ್ನು ಬಿಟ್ಟವನಲ್ಲ, ನಡೆಸುತ್ತಿರುವವನು.